ಹೊಲಿಗೆ ಮುಗಿದ ಮೇಲಿನ ಮೂರು ತಾಸು

ಆಪರೇಷನ್‌ಗೆಂದು ಒಯ್ದ ನಾಯಿ ಜೀವಂತ ಮನೆ ಸೇರದಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನೆಯವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಗುಂಗಿ ಇಂಜೆಕ್ಷನ್ ಹೆಚ್ಚಾಗಿರಬೇಕ್ರಿ.’ ಡಾಕ್ಟರ ಕಡೆಯ ಉತ್ತರವೂ ಅಷ್ಟೇ ಗಿಡ್ಡ: ‘ಹಾರ್ಟ್ ವೀಕ್ ಇತ್ತು.’ ಎರಡೂ ಕೆಲವು ಸಲ ನಿಜವೇ ಇರಬಹುದು. ಆದರೆ ಎರಡೂ ಮಾತು ಸಾವನ್ನು ಸೂಜಿ ಚುಚ್ಚಿದ ಗಳಿಗೆಗೆ ಕಟ್ಟಿಹಾಕುತ್ತವೆ. ಒಂದು ಔಷಧವನ್ನು ದೂರಿದರೆ ಇನ್ನೊಂದು ಪ್ರಾಣಿಯನ್ನೇ ದೂರುತ್ತದೆ. ನಾಯಿ, ಬೆಕ್ಕುಗಳ ಅರಿವಳಿಕೆಯ ಬಗ್ಗೆ ನಾಲ್ಕು ದಶಕಗಳಿಂದ ಕಲೆಹಾಕಿದ ಲೆಕ್ಕಗಳು ಬೊಟ್ಟು ಮಾಡುವುದು ಬೇರೆಯೇ ಹೊತ್ತಿನ ಕಡೆಗೆ. ಹೊಲಿಗೆ ಮುಗಿದಿದೆ, ಟೇಬಲ್ ತೊಳೆದಾಗಿದೆ, ಡಾಕ್ಟರು ಯಾವುದೋ ಹಳ್ಳಿಯಲ್ಲಿ ಈಯಲಾಗದೆ ಒದ್ದಾಡುತ್ತಿರುವ ಎಮ್ಮೆಯ ಕರೆಗೆ ಹೊರಟಿದ್ದಾರೆ, ನಾಯಿ ವರಾಂಡದ ನೆಲದ ಮೇಲೆ ಅಡ್ಡ ಬಿದ್ದಿದೆ. ಅಪಾಯದ ದೊಡ್ಡ ಪಾಲು ಇರುವುದು ಅಲ್ಲಿ. ಇದು ಹೌದಾದರೆ ತಾಲ್ಲೂಕು ಊರುಗಳ ಪಶು ಆಸ್ಪತ್ರೆಗಳಲ್ಲಿ ಇಂಥ ಸಾವು ತಗ್ಗಿಸಲು ಮೊದಲು ಹುಡುಕಬೇಕಾದದ್ದು ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನಲ್ಲ, ಪ್ರಾಣಿ ತಾನಾಗಿ ತಲೆಯೆತ್ತಿ ಕೂರುವತನಕ ಅದರ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯನನ್ನು.

ಲೆಕ್ಕವನ್ನೇ ಮೊದಲು ನೋಡೋಣ. 2002ರಿಂದ 2004ರವರೆಗೆ ಬ್ರಿಟನ್ನಿನ 117 ಪಶು ಚಿಕಿತ್ಸಾಲಯಗಳು ತಾವು ಅರಿವಳಿಕೆ ಅಥವಾ ಮಂಪರು ಮದ್ದು ಕೊಟ್ಟ ನಾಯಿ, ಬೆಕ್ಕುಗಳ ವಿವರ ಬರೆದಿಟ್ಟವು. ಡೇವಿಡ್ ಬ್ರಾಡ್‌ಬೆಲ್ಟ್ ಮತ್ತು ಸಂಗಡಿಗರು 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 98,036 ನಾಯಿಗಳ ಪೈಕಿ 601ಕ್ಕೆ ಒಂದರಂತೆ, 79,178 ಬೆಕ್ಕುಗಳ ಪೈಕಿ 419ಕ್ಕೆ ಒಂದರಂತೆ 48 ತಾಸಿನೊಳಗೆ ಸತ್ತಿದ್ದವು. ಆರೋಗ್ಯವಂತ ಮನುಷ್ಯರಲ್ಲಿ ಅರಿವಳಿಕೆಯಿಂದಲೇ ಆಗುವ ಸಾವು ಇಂದು ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿದೆ ಎಂಬುದನ್ನು ನೆನೆದರೆ ಈ ಅಂತರ ದೊಡ್ಡದು. ಆದರೆ ಸರಾಸರಿಗಿಂತ ಹೆಚ್ಚು ಹೇಳುವುದು ಅದರ ಒಳಗಿನ ಒಡಕು. ಆರೋಗ್ಯವಾಗಿದ್ದ ನಾಯಿಗಳಲ್ಲಿ ಸಾವು 1,849ಕ್ಕೆ ಒಂದು, ಕಾಯಿಲೆಬಿದ್ದ ನಾಯಿಗಳಲ್ಲಿ 75ಕ್ಕೆ ಒಂದು. ಬೆಕ್ಕುಗಳಲ್ಲಿ ಕ್ರಮವಾಗಿ 895ಕ್ಕೆ ಒಂದು, 71ಕ್ಕೆ ಒಂದು. ಸತ್ತ ನಾಯಿಗಳಲ್ಲಿ ಶೇ 47, ಬೆಕ್ಕುಗಳಲ್ಲಿ ಶೇ 61 ಪ್ರಾಣ ಬಿಟ್ಟಿದ್ದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಬಹುಪಾಲು ಮೊದಲ ಮೂರು ತಾಸಿನೊಳಗೆ. ಈಚೆಗೆ ಹಲವು ದೇಶಗಳ 55,022 ನಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಇನ್ನೊಂದು ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 0.69. ಅಲ್ಲೂ ಹೆಚ್ಚಿನ ಸಾವು ಆಪರೇಷನ್ ನಂತರದ್ದೇ.

ಆ ಹೊತ್ತಿನಲ್ಲೇ ಏಕೆ? ಕತ್ತರಿ ಆಡುತ್ತಿರುವಾಗ ನಾಯಿಯ ಮೇಲೆ ಕನಿಷ್ಠ ಇಬ್ಬರ ಕಣ್ಣಿರುತ್ತದೆ. ಗಾಯದ ರಕ್ತ ಕಪ್ಪೇರಿದರೆ ಆಪರೇಷನ್ ಮಾಡುವವರಿಗೇ ಕಾಣುತ್ತದೆ. ಕೊಯ್ತದ ಪ್ರಚೋದನೆಯೂ ಉಸಿರಾಟವನ್ನು ಒಂದಿಷ್ಟು ಎಬ್ಬಿಸಿ ಇಟ್ಟಿರುತ್ತದೆ. ಕೊನೆಯ ಹೊಲಿಗೆ ಬಿದ್ದೊಡನೆ ಆ ಪ್ರಚೋದನೆ ನಿಲ್ಲುತ್ತದೆ, ಔಷಧ ಮಾತ್ರ ರಕ್ತದಲ್ಲಿ ಇನ್ನೂ ಓಡಾಡುತ್ತಿರುತ್ತದೆ. ನಾಲಿಗೆ ಸಡಿಲಾಗಿ ಗಂಟಲಿಗೆ ಜಾರಬಹುದು; ಕತ್ತು ಮಡಚಿಕೊಂಡರೆ ಗಾಳಿಯ ದಾರಿ ಕಿರಿದಾಗುತ್ತದೆ; ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೆ ನುಂಗುವ ಶಕ್ತಿಯಿಲ್ಲದ ಪ್ರಾಣಿಯ ಪುಪ್ಪುಸಕ್ಕೆ ಇಳಿಯುತ್ತದೆ. ಇವೆಲ್ಲಕ್ಕಿಂತ ಸದ್ದಿಲ್ಲದ್ದು ಚಳಿ. ನಾಯಿಯ ಮೈ ಕಾವು ಸಹಜವಾಗಿ 101–102 ಡಿಗ್ರಿ ಫ್ಯಾರನ್‌ಹೀಟ್. ಹೊಟ್ಟೆಯ ಕೂದಲು ಬೋಳಿಸಿ, ಸ್ಪಿರಿಟ್ ಸವರಿ, ಒಳಭಾಗವನ್ನು ಗಾಳಿಗೆ ತೆರೆದಿಟ್ಟ ಮೇಲೆ ಆ ಕಾವು ಇಳಿಯುತ್ತ ಬರುತ್ತದೆ. ಔಷಧದ ಅಮಲಿನಲ್ಲಿ ನಡುಗಿ ಮೈ ಕಾಯಿಸಿಕೊಳ್ಳುವ ಶಕ್ತಿಯೂ ಅದಕ್ಕೆ ಇರುವುದಿಲ್ಲ. ಮೈ ತಣ್ಣಗಾದಂತೆ ಯಕೃತ್ತು ಔಷಧವನ್ನು ಕರಗಿಸುವ ವೇಗ ತಗ್ಗುತ್ತದೆ, ಔಷಧ ಉಳಿದಂತೆ ಎಚ್ಚರ ತಡವಾಗುತ್ತದೆ, ಎಚ್ಚರ ತಡವಾದಷ್ಟೂ ಮೈ ಇನ್ನಷ್ಟು ತಣ್ಣಗಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಬರಿಯ ಸಿಮೆಂಟ್ ನೆಲದ ಮೇಲೆ ಮಲಗಿಸಿದ ಮೂರು ಕೆಜಿ ಬೆಕ್ಕಿಗೆ ಈ ಸುಳಿಯಿಂದ ತಾನಾಗಿ ಹೊರಬರುವುದು ಕಷ್ಟ. ಕೆಳಗೊಂದು ಗೋಣಿಚೀಲ, ಮೇಲೊಂದು ಹಳೇ ಕಂಬಳಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಒಂದು ಥರ್ಮಾಮೀಟರ್ ಇಷ್ಟಿದ್ದರೆ ಈ ಸುಳಿ ತುಂಡಾಗುತ್ತದೆ. ಇವನ್ನು ಬಳಸಲು ಅಲ್ಲಿ ಯಾರಾದರೂ ಇರಬೇಕು, ಅಷ್ಟೇ.

ನಮ್ಮ ತಾಲ್ಲೂಕು ದವಾಖಾನೆಗಳ ಪದ್ಧತಿ ಬೆಳೆದು ಬಂದಿರುವುದು ದನಗಳ ಸುತ್ತ. ಹಿಡಕಲ್ ಜಲಾಶಯದ ನೀರು ಹರಿಯುವ, ಕಬ್ಬು ಮತ್ತು ಹೈನು ಎರಡನ್ನೂ ನಂಬಿದ ಸೀಮೆಯಲ್ಲಿ ಅದು ತಪ್ಪೂ ಅಲ್ಲ. ಎಮ್ಮೆಯ ಹೊಟ್ಟೆ ಕೊಯ್ದು ಕರು ತೆಗೆಯುವಾಗಲೂ ಅದಕ್ಕೆ ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ. ಲಿಗ್ನೋಕೇನ್‌ನಿಂದ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ, ಕೆಲಸ ಮುಗಿದ ಸ್ವಲ್ಪ ಹೊತ್ತಿಗೆ ಅದು ಮೇವಿಗೆ ಬಾಯಿ ಹಾಕುತ್ತದೆ. ಎಚ್ಚರವಾಗುವತನಕ ಕಾಯುವುದು ಎಂಬ ಕೆಲಸವೇ ಆ ವೈದ್ಯದಲ್ಲಿ ಹೆಚ್ಚು ಇಲ್ಲ. ನಾಯಿ, ಬೆಕ್ಕಿನ ಹೊಟ್ಟೆ ತೆರೆಯಬೇಕೆಂದರೆ ಹಾಗಲ್ಲ, ಪ್ರಜ್ಞೆ ಪೂರಾ ಹೋಗಲೇಬೇಕು. ಸಣ್ಣ ಊರುಗಳಲ್ಲಿ ಅದಕ್ಕೆ ಬಳಕೆಯಲ್ಲಿರುವುದು ಹೆಚ್ಚಾಗಿ ಜೈಲಜಿನ್ ಮತ್ತು ಕೆಟಮಿನ್ ಜೋಡಿ, ಕೆಲವೆಡೆ ಥಯೋಪೆಂಟೋನ್. ಜೈಲಜಿನ್ ದನದ ಡಾಕ್ಟರಿಗೆ ಹಳೇ ಪರಿಚಯದ ಔಷಧ, ಆದರೆ ಅದರ ಅಳತೆ ಪ್ರಾಣಿಯಿಂದ ಪ್ರಾಣಿಗೆ ಬೇರೆ: ದನಕ್ಕೆ ಒಂದು ಕೆಜಿ ತೂಕಕ್ಕೆ ಬೇಕಾಗುವುದು ನಾಯಿಗೆ ಬೇಕಾಗುವುದರ ಸುಮಾರು ಹತ್ತನೇ ಒಂದು ಪಾಲು. ಅದು ಹೃದಯದ ಬಡಿತವನ್ನು ನಿಧಾನಿಸುತ್ತದೆ, ನಾಯಿ ಬೆಕ್ಕುಗಳಲ್ಲಿ ವಾಂತಿಯನ್ನೂ ಬರಿಸುತ್ತದೆ. 1984–86ರ ಬ್ರಿಟಿಷ್ ಅಧ್ಯಯನದಲ್ಲೂ 1990ರ ದಶಕದ ಕೆನಡಾದ ಒಂಟಾರಿಯೋ ಅಧ್ಯಯನದಲ್ಲೂ ನಾಯಿಗಳಲ್ಲಿ ಹೆಚ್ಚಿನ ಅಪಾಯದ ಜೊತೆ ಇದರ ಹೆಸರು ಕೇಳಿಬಂತು. ಕೆಟಮಿನ್‌ನದು ಇನ್ನೊಂದು ವಿಚಿತ್ರ. ಅದನ್ನು ಕೊಟ್ಟ ಬೆಕ್ಕು ಕಣ್ಣು ತೆರೆದೇ ಮಲಗಿರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಮುಲಾಮು ಹಾಕದಿದ್ದರೆ ಕಣ್ಣುಗುಡ್ಡೆ ಒಣಗುತ್ತದೆ. ನೋಡಿದವರು ಒಂದೋ ಎಚ್ಚರವಾಯಿತೆಂದು ಎತ್ತಿಕೊಂಡು ಹೋಗುತ್ತಾರೆ, ಇಲ್ಲ ಸತ್ತೇಹೋಯಿತೆಂದು ಅಳುತ್ತಾರೆ. ಜೈಲಜಿನ್‌ನ ಪ್ರಭಾವ ಇಳಿಸಲು ಯೋಹಿಂಬಿನ್‌ನಂಥ ಮದ್ದುಗಳಿವೆ, ಕೆಟಮಿನ್‌ಗೆ ಅಂಥದ್ದಿಲ್ಲ. ಅದು ಇಳಿಯಲು ಕಾಯಲೇಬೇಕು.

ಹಾಗಾದರೆ ಈ ಔಷಧಗಳನ್ನು ಬಿಟ್ಟು ಐಸೊಫ್ಲುರೇನ್ ಗ್ಯಾಸ್ ಯಂತ್ರ, ಮಾನಿಟರ್ ತರಿಸಿದರೆ ತೊಂದರೆ ತೀರಿತಲ್ಲ ಎನ್ನುವವರಿದ್ದಾರೆ. ತರಿಸುವಂತಾದರೆ ಒಳ್ಳೆಯದೇ; ಆಮ್ಲಜನಕ ಕೈಗೆಟಕುವಂತಿರುವುದೊಂದೇ ಅನೇಕ ಜೀವ ಉಳಿಸುತ್ತದೆ. ಆದರೆ ಬ್ರಿಟನ್ನಿನ ಅದೇ ಅಧ್ಯಯನ ಬೆಕ್ಕುಗಳ ವಿಷಯದಲ್ಲಿ ಕಂಡುಕೊಂಡದ್ದು ಇಲ್ಲಿ ಮುಖ್ಯ. ಶ್ವಾಸನಾಳಕ್ಕೆ ಕೊಳವೆ ಇಳಿಸಿದ ಬೆಕ್ಕುಗಳಲ್ಲಿ ಸಾವಿನ ಸಂಭವ ಕಡಿಮೆಯಾಗುವ ಬದಲು ಹೆಚ್ಚಿತ್ತು, ಸಲೈನ್ ಏರಿಸಿದವುಗಳಲ್ಲೂ ಹಾಗೆಯೇ. ಜಡ್ಡು ಜೋರಾದ ಬೆಕ್ಕಿಗೇ ಸಲೈನ್ ಏರಿಸುವುದು ವಾಡಿಕೆಯಾದ್ದರಿಂದ ಈ ಸಂಬಂಧವನ್ನು ನೇರ ಕಾರಣವೆಂದು ಓದಬಾರದು ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಬೆಕ್ಕಿನ ಗಂಟಲು ಮುಟ್ಟಿದರೆ ಸೆಟೆದುಕೊಳ್ಳುವಷ್ಟು ಸೂಕ್ಷ್ಮ, ಅದರ ಪುಟ್ಟ ಮೈಗೆ ಹೆಚ್ಚಿನ ದ್ರವ ಹೊರೆ. ಸಲಕರಣೆ ಹೆಚ್ಚಾದ ಮಾತ್ರಕ್ಕೆ ಸುರಕ್ಷತೆ ಹೆಚ್ಚುವುದಿಲ್ಲ. ಅದೇ ಬೆಕ್ಕುಗಳಲ್ಲಿ ಸಾವು ತಗ್ಗಿದ್ದರ ಜೊತೆ ಕಾಣಿಸಿಕೊಂಡದ್ದು ನಾಡಿ ನೋಡುತ್ತಿರುವುದು ಮತ್ತು ಪಲ್ಸ್ ಆಕ್ಸಿಮೀಟರ್ ಹಾಕಿರುವುದು. ಕೋವಿಡ್ ನಂತರ ಆಕ್ಸಿಮೀಟರ್ ಎಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನುಷ್ಯರ ಬೆರಳಿನದು ಪ್ರಾಣಿಗಳಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ, ನಾಲಿಗೆಗೆ ಸಿಕ್ಕಿಸುವ ಕ್ಲಿಪ್ ಇರುವ ಪಶುಗಳ ಸಾಧನವೇ ಬೇಕು. ಆದರೆ ಗ್ಯಾಸ್ ಯಂತ್ರದ ಬೆಲೆಯ ಮುಂದೆ ಅದು ಏನೂ ಅಲ್ಲ.

ಏನನ್ನು ನೋಡುತ್ತಿರಬೇಕು ಎಂಬ ಜಗಳಕ್ಕೆ ಹಳೇ ಇತಿಹಾಸವಿದೆ, ಅದರ ಒಂದು ಅಧ್ಯಾಯ ನಡೆದದ್ದು ನೆರೆಯ ಹೈದರಾಬಾದಿನಲ್ಲಿ. 1888 ಮತ್ತು 1889ರಲ್ಲಿ ನಿಜಾಮರ ಸರ್ಕಾರದ ಖರ್ಚಿನಲ್ಲಿ ಸರ್ಜನ್ ಎಡ್ವರ್ಡ್ ಲಾರಿ ನೂರಾರು ಪ್ರಾಣಿಗಳಿಗೆ, ಹೆಚ್ಚಾಗಿ ನಾಯಿಗಳಿಗೆ, ಸಾಯುವತನಕ ಕ್ಲೋರೋಫಾರ್ಮ್ ಕೊಟ್ಟು ಪರೀಕ್ಷಿಸಿದ. ಮೊದಲು ಉಸಿರು ನಿಲ್ಲುತ್ತದೆ, ಹೃದಯ ನಿಲ್ಲುವುದು ಆಮೇಲೆ. ಆದ್ದರಿಂದ ಉಸಿರನ್ನೊಂದೇ ನೋಡಿದರೆ ಸಾಕು, ನಾಡಿಯ ಗೊಡವೆ ಬೇಡ ಎಂಬುದು ಆತನ ತೀರ್ಮಾನ. 1911ರಲ್ಲಿ ಲಂಡನ್ನಿನ ಎ. ಜಿ. ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಅದನ್ನು ಅಲ್ಲಗಳೆದ: ಕ್ಲೋರೋಫಾರ್ಮಿನ ಅಮಲು ಹಗುರವಾಗಿದ್ದಾಗಲೇ ಹೃದಯ ಕಂಪಿಸಿ ಒಮ್ಮೆಗೇ ನಿಂತುಹೋಗಬಹುದು. ಆ ಕಾಲದ ಪ್ರಯೋಗಗಳ ಕ್ರೌರ್ಯವನ್ನು ಇಂದು ಯಾರೂ ಒಪ್ಪಲಾರರು. ಲಾರಿಯ ಅರ್ಧ ವಾದವೂ ಬಿದ್ದುಹೋಯಿತು. ಆದರೆ ಔಷಧ ಕೊಟ್ಟವನ ಕಣ್ಣು ಕೊಯ್ಯುವ ಜಾಗದ ಮೇಲಿರದೆ ಉಸಿರಿನ ಮೇಲೇ ಇರಬೇಕು ಎಂಬ ಆತನ ಹಟದಲ್ಲಿ ಹುರುಳಿತ್ತು. ಉಸಿರಿನ ಜೊತೆ ನಾಡಿಯನ್ನೂ ಸೇರಿಸಿಕೊಂಡರೆ ಇಂದಿನ ಪಾಠವೂ ಅದೇ.

ಕಾಯುವ ಹೊತ್ತು ಎಲ್ಲ ಪ್ರಾಣಿಗೂ ಒಂದೇ ಅಲ್ಲ. ಈ ಮಾತು ನಮ್ಮ ಸೀಮೆಗೆ ವಿಶೇಷವಾಗಿ ತಾಗುತ್ತದೆ, ಏಕೆಂದರೆ ಗೋಕಾಕದಿಂದ ಘಟಪ್ರಭೆ ಹರಿದು ಹೋಗುವ ದಾರಿಯಲ್ಲೇ ಮುಧೋಳವಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಆಮೇಲೆ ಸೇನೆಯೂ ತರಬೇತಿಗೆ ಒಯ್ದ ಮುಧೋಳ ನಾಯಿ ಮೂಡಲಗಿ ಸುತ್ತಿನ ತೋಟದ ಮನೆಗಳಿಗೆ ಹೊಸದೇನಲ್ಲ. ಎದೆ ಆಳ, ಹೊಟ್ಟೆ ಬೆನ್ನಿಗೆ ಅಂಟಿದ್ದು, ಪಕ್ಕೆಲುಬು ಎಣಿಸಬಹುದು, ಕೊಬ್ಬು ಎಂಬುದು ಹೆಸರಿಗಷ್ಟೇ. ಅದೇ ಮೈಕಟ್ಟಿನ ಗ್ರೇಹೌಂಡ್‌ಗಳ ಮೇಲೆ 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನಗಳು ಥಯೋಪೆಂಟೋನ್ ಜಾತಿಯ ಔಷಧ ಕೊಟ್ಟರೆ ಅವು ಬೇರೆ ನಾಯಿಗಳಿಗಿಂತ ಬಹಳ ತಡವಾಗಿ ಎಚ್ಚರಗೊಳ್ಳುತ್ತವೆ ಎಂದು ತೋರಿಸಿದವು. ಆ ಔಷಧದ ಅಮಲು ಬೇಗ ಇಳಿಯುವುದು ಅದು ರಕ್ತದಿಂದ ಸ್ನಾಯುಗಳಿಗೆ, ಕೊಬ್ಬಿಗೆ ಹಂಚಿಹೋಗುವುದರಿಂದ. ಹಂಚಿಕೊಳ್ಳಲು ಕೊಬ್ಬಿಲ್ಲದ, ಜೊತೆಗೆ ಯಕೃತ್ತೂ ನಿಧಾನವಾಗಿ ಕರಗಿಸುವ ನಾಯಿಯಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ. ಬೇಟೆನಾಯಿಗಳ ಆ ಸಾಲಿಗೇ ಸೇರುವ ಮುಧೋಳಕ್ಕೂ ಅದೇ ಎಚ್ಚರಿಕೆ ಸಲ್ಲಬೇಕು: ಥಯೋಪೆಂಟೋನ್ ಬಿಡುವುದು ಲೇಸು, ಕಾಯುವ ಹೊತ್ತನ್ನು ಉದ್ದ ಮಾಡುವುದು ಲೇಸು, ಕೊಬ್ಬಿನ ಹೊದಿಕೆಯಿಲ್ಲದ ಮೈಯನ್ನು ಬೆಚ್ಚಗಿಡುವುದು ಕಡ್ಡಾಯ. ಇದರ ತದ್ವಿರುದ್ಧ ತುದಿಯಲ್ಲಿ ಪಗ್ ಇದೆ. 2003ರ ಮೊಬೈಲ್ ಜಾಹೀರಾತಿನಿಂದ ‘ಹಚ್ ನಾಯಿ’ಯಾಗಿ ಊರೂರಿಗೆ ಬಂದದ್ದು. ಚಪ್ಪಟೆ ಮೂತಿ, ಉದ್ದದ ಮೆತ್ತನೆಯ ಅಂಗುಳ. ಅರೆ ಎಚ್ಚರದಲ್ಲಿ ಅಂಗುಳ ಗಾಳಿಯ ದಾರಿಗೆ ಅಡ್ಡ ಬೀಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಆಪರೇಷನ್ ಇಟ್ಟುಕೊಂಡರೆ ಚಳಿಯ ಬದಲು ಕಾವೇ ಶತ್ರು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ತಾಲ್ಲೂಕಿನಲ್ಲಿ ಡಾಕ್ಟರೇ ಸಾಲದು, ಹುದ್ದೆ ಖಾಲಿ ಬಿದ್ದಿವೆ, ಇದ್ದವರು ಕಾಲುಬಾಯಿ ಲಸಿಕೆ, ಕೃತಕ ಗರ್ಭಧಾರಣೆ, ಪಶು ಸಹಾಯವಾಣಿ 1962ಕ್ಕೆ ಬಂದ ಕರೆ ಎಂದು ಓಡುತ್ತಿರುತ್ತಾರೆ. ನಾಯಿಯ ಪಕ್ಕ ಮೂರು ತಾಸು ಕೂರುವವರು ಯಾರು? ಡಾಕ್ಟರೇ ಕೂರಬೇಕೆಂದು ಯಾರೂ ಕೇಳುತ್ತಿಲ್ಲ. ಕಾಲು ತಾಸಿಗೊಮ್ಮೆ ಉಸಿರು ಎಣಿಸುವುದು, ವಸಡು ಒತ್ತಿ ಬಿಟ್ಟು ಎರಡು ಸೆಕೆಂಡಿನೊಳಗೆ ಬಣ್ಣ ತಿರುಗುತ್ತದೆಯೇ ನೋಡುವುದು, ತೊಡೆಯ ಒಳಮೈಯಲ್ಲಿ ನಾಡಿ ಹಿಡಿಯುವುದು, ಗುದದಲ್ಲಿ ಥರ್ಮಾಮೀಟರ್ ಇಡುವುದು, ನಾಲಿಗೆ ಹೊರಗೆಳೆದು ಕತ್ತು ನೇರ ಮಾಡುವುದು, ಮಗ್ಗುಲು ಬದಲಿಸುವುದು. ಇಷ್ಟನ್ನು ಆಸ್ಪತ್ರೆಯ ಅಟೆಂಡರ್ ಒಂದು ವಾರದಲ್ಲಿ ಕಲಿಯಬಲ್ಲ. ಬೆಳಗಿನ ಹೊತ್ತೇ ಆಪರೇಷನ್ ಇಟ್ಟುಕೊಂಡರೆ ಎಚ್ಚರವಾಗುವ ಸಮಯ ಡಾಕ್ಟರು ಆವರಣದಲ್ಲೇ ಇರುವ ಸಮಯವಾಗುತ್ತದೆ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಬಹುದು, ಯಾವುದನ್ನು ಕಂಡರೆ ಕೂಗಬೇಕೆಂದು ಹೇಳಿಕೊಟ್ಟು. ಈಗ ಆಗುತ್ತಿರುವುದು ಇದರ ಉಲ್ಟಾ: ಅರೆ ಎಚ್ಚರದ ನಾಯಿಯನ್ನು ಬೈಕಿನ ಟ್ಯಾಂಕಿನ ಮೇಲೆ ಅಡ್ಡ ಹಾಕಿಕೊಂಡು, ಬೆಕ್ಕನ್ನು ಚೀಲದಲ್ಲಿ ಕತ್ತು ಮಡಚಿ ತುಂಬಿಕೊಂಡು ಮನೆಗೆ ಒಯ್ಯುವುದು. ಗಾಳಿಯ ದಾರಿ ಮುಚ್ಚಲು ಇದಕ್ಕಿಂತ ಸುಲಭದ ಉಪಾಯ ಬೇರಿಲ್ಲ. ಕಾಯುವ ಪದ್ಧತಿ ತಂದರೆ ದಿನಕ್ಕೆ ಆಗುವ ಆಪರೇಷನ್‌ಗಳ ಸಂಖ್ಯೆ ಇಳಿಯುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡುವುದು ಬೇಡ. ಆರರ ಜಾಗದಲ್ಲಿ ನಾಲ್ಕು ಆಗಲಿ.

ಇಷ್ಟೆಲ್ಲ ಅಪಾಯವಿದ್ದರೆ ಆಪರೇಷನ್ನೇ ಬೇಡ, ನಾಯಿ ಹೇಗಿದೆಯೋ ಹಾಗೇ ಇರಲಿ ಎಂದು ಯಾರಾದರೂ ಅಂದುಕೊಂಡರೆ ಅದೇ ಲೆಕ್ಕವನ್ನು ಇನ್ನೊಮ್ಮೆ ಓದಬೇಕು. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುತ್ತದೆ. ಆಗ ಮಾಡಬೇಕಾಗುವುದೂ ಅದೇ ಆಪರೇಷನ್, ಆದರೆ ಆ ಹೊತ್ತಿಗೆ ನಾಯಿ 1,849ಕ್ಕೆ ಒಂದು ಎಂಬ ಸಾಲಿನಿಂದ 75ಕ್ಕೆ ಒಂದು ಎಂಬ ಸಾಲಿಗೆ ಇಳಿದಿರುತ್ತದೆ. ವಿದೇಶದ ಅಂಕಿ ನಮಗೆ ಹೊಂದುವುದಿಲ್ಲ ಎಂಬ ಮಾತು ಅರ್ಧ ಸರಿ. ಅಲ್ಲಿನ ಅನುಪಾತವನ್ನು ಹಾಗೆಹಾಗೇ ಇಲ್ಲಿಗೆ ಇಳಿಸಬಾರದು. ನಮ್ಮಲ್ಲಿ ನೋಡಲು ಗಟ್ಟಿಮುಟ್ಟಾಗಿರುವ ನಾಯಿಯ ಕಿವಿಯ ಹಿಂದೆ ಉಣ್ಣಿಗಳ ಸಾಲಿರುತ್ತದೆ, ಉಣ್ಣಿ ಜ್ವರದ ಸೋಂಕು ಒಳಗೇ ಕುಳಿತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ತಿಂದುಹಾಕಿರುತ್ತದೆ. ಇಂಥ ನಾಯಿ ನಾವು ತಿಳಿದ ಸಾಲಿನಲ್ಲಿ ಇರುವುದೇ ಇಲ್ಲ. ಆಪರೇಷನ್‌ಗೆ ಮೊದಲು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನದು ತಿಳಿಯುತ್ತದೆ. ಹಾಗೆಯೇ ತೂಕ. ದನವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವ ಕೈ ಮೂರು ಕೆಜಿ ಬೆಕ್ಕನ್ನೂ ಹಾಗೇ ಅಂದಾಜು ಮಾಡಿದರೆ ಅರ್ಧ ಕೆಜಿಯ ತಪ್ಪು ಅದರ ಮೈಯ ಆರನೇ ಒಂದು ಪಾಲಾಗುತ್ತದೆ. ಮನೆಯವರ ಪಾಲೂ ಸಣ್ಣದಲ್ಲ. ಆಪರೇಷನ್‌ಗೆ ನಾಲ್ಕರಿಂದ ಆರು ತಾಸು ಮೊದಲು ದೊಡ್ಡ ನಾಯಿಗೆ ತಿನ್ನಲು ಕೊಡಬಾರದು ಎಂದರೆ, ‘ಪಾಪ, ಹಸಿದೈತಿ’ ಎಂದು ಹೊರಡುವ ಮುಂಚೆ ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ ಇಡುವವರಿದ್ದಾರೆ. ಜೈಲಜಿನ್ ಬಿದ್ದ ಐದೇ ನಿಮಿಷಕ್ಕೆ ಅದು ಹೊರಗೆ ಬರುತ್ತದೆ, ಇಲ್ಲವೇ ಬರಬಾರದ ದಾರಿಗೆ ಇಳಿಯುತ್ತದೆ. ಮನೆಗೆ ತಂದ ಮೇಲೆ ನೋವಿಗೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಚೂರು ಕೊಡುವುದಂತೂ ವಿಷ ಕೊಟ್ಟಂತೆಯೇ. ಅದನ್ನು ಕರಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ.

ಇದಾವುದೂ ಹಣೆಬರಹವಲ್ಲ ಎನ್ನಲು ಆಧಾರವಿದೆ. 1984–86ರಲ್ಲಿ ಬ್ರಿಟನ್ನಿನ ಆರೋಗ್ಯವಂತ ನಾಯಿಗಳಲ್ಲಿ 870ಕ್ಕೆ ಒಂದಿದ್ದ ಸಾವು ಇಪ್ಪತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಇಳಿದದ್ದಕ್ಕೆ ಹೊಸ ಔಷಧಗಳೂ ಕಾರಣ, ಆದರೆ ಇಳಿದಿದೆ ಎಂದು ಗೊತ್ತಾದದ್ದು ಬರೆದಿಟ್ಟದ್ದರಿಂದ. 2002ರ ಅಧ್ಯಯನದ ಹೆಸರಿನಲ್ಲೇ ‘ಗೋಪ್ಯ’ ಎಂಬ ಮಾತಿತ್ತು. ಯಾವ ಡಾಕ್ಟರ ಕೈಯಲ್ಲಿ ಸತ್ತಿತು ಎಂಬುದು ಹೊರಬೀಳದು ಎಂಬ ಭರವಸೆ ಇದ್ದುದರಿಂದಲೇ ಅವರು ಸತ್ತದ್ದನ್ನು ಸತ್ತಿತೆಂದು ಬರೆದರು. ನಮ್ಮಲ್ಲಿ ಒಂದು ಸಾವು ಬಾಗಿಲಲ್ಲಿ ಜಗಳವಾಗಿ ಮುಗಿಯುತ್ತದೆ, ಇಲ್ಲವೇ ಸಮಾಧಾನದ ಮಾತಾಗಿ ಮುಗಿಯುತ್ತದೆ.

ಬರೆದಿಡುವ ತುರ್ತು ಈಗ ಹೆಚ್ಚಿದೆ. ಬೀದಿನಾಯಿಗಳ ಸಂತಾನಹರಣದ ಹೊಣೆಯನ್ನು 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ವ್ಯಾಜ್ಯವನ್ನು ದೇಶಕ್ಕೆಲ್ಲ ವಿಸ್ತರಿಸಿದ ಮೇಲೆ ಗೋಕಾಕ ನಗರಸಭೆಯಾಗಲಿ, ಮೂಡಲಗಿ, ಹುಕ್ಕೇರಿ ಪುರಸಭೆಗಳಾಗಲಿ ಇದರಿಂದ ಜಾರಿಕೊಳ್ಳುವಂತಿಲ್ಲ. ಬಲೆ ಹಾಕಿ ಹಿಡಿದ ನಾಯಿ ಯಾವಾಗ ಉಂಡಿತ್ತೋ ತಿಳಿಯದು, ಹೆದರಿಕೆಯಿಂದ ಎದೆ ಬಡಿದುಕೊಳ್ಳುತ್ತಿರುತ್ತದೆ, ಮೈತುಂಬ ಉಣ್ಣಿ, ಜೊತೆಗೆ ಕೂರಲು ಮನೆಯವರಿಲ್ಲ. ಮೇಲೆ ಹೇಳಿದ ಪ್ರತಿಯೊಂದು ಅಪಾಯವೂ ಅದರ ಪಾಲಿಗೆ ಎರಡು ಪಟ್ಟು. ಈ ಕೆಲಸದ ಗುತ್ತಿಗೆ ಸಾಮಾನ್ಯವಾಗಿ ನಾಯಿಯೊಂದಕ್ಕೆ ಇಷ್ಟು ಎಂಬ ದರದಲ್ಲಿ ನಡೆಯುತ್ತದೆ, ಸುಳ್ಳು ಲೆಕ್ಕ ತಡೆಯಲು ತೆಗೆದ ಅಂಗಗಳನ್ನು ಎಣಿಸುವ ನಿಯಮವಿದೆ. ಅಂಗ ಎಣಿಸಿದರೆ ಆಪರೇಷನ್ ಆಯಿತೆಂದು ತಿಳಿಯುತ್ತದೆ, ನಾಯಿ ಎದ್ದು ನಿಂತಿತೇ ಎಂಬುದು ತಿಳಿಯುವುದಿಲ್ಲ. ತಲೆಯೆಣಿಕೆಯ ದರವಂತೂ ಬೇಗ ಮುಗಿಸಿ ಮುಂದಿನದನ್ನು ಎಳೆದುಕೊಳ್ಳುವವನಿಗೇ ಲಾಭ ಕೊಡುತ್ತದೆ. ಆದ್ದರಿಂದ ಟೆಂಡರ್ ಕಾಗದದಲ್ಲೇ ಕೆಲವು ಸಾಲು ಸೇರಬೇಕು. ಪ್ರತಿ ನಾಯಿಯನ್ನೂ ತೂಗಬೇಕು. ಎಚ್ಚರವಾಗುವತನಕ ನೋಡಿಕೊಳ್ಳುವ ಆಳಿನ ಕೂಲಿಯನ್ನು ಬೇರೆಯಾಗಿ ತೋರಿಸಿ ಬೇರೆಯಾಗಿಯೇ ಕೊಡಬೇಕು. ಸೂಜಿ ಕೊಟ್ಟ ಸಮಯ, ತಲೆಯೆತ್ತಿದ ಸಮಯ, ಮೈ ಕಾವು ಪುಸ್ತಕದಲ್ಲಿ ದಾಖಲಾಗಬೇಕು. 48 ತಾಸಿನೊಳಗೆ ಸತ್ತದ್ದನ್ನು ಬರೆದವರ ಬಿಲ್ ತಡೆಹಿಡಿಯಬಾರದು, ಬರೆಯದೆ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ತಡೆಯಬೇಕು. ಮೂರೂ ಊರುಗಳ ಪುಸ್ತಕಗಳು ವರ್ಷಕ್ಕೊಮ್ಮೆ ಅಥಣಿ ತಾಲ್ಲೂಕಿನ ಕೊಕಟನೂರಿನ ಪಶುವೈದ್ಯಕೀಯ ಕಾಲೇಜಿಗೆ ಹೋದರೆ ಬ್ರಿಟನ್ನಿನ ಅಂಕಿಯ ಜಾಗದಲ್ಲಿ ಬೆಳಗಾವಿ ಜಿಲ್ಲೆಯ ಅಂಕಿಯನ್ನೇ ಇಟ್ಟು ಮಾತಾಡಬಹುದು.